ಯಾವ ಕಣ್ಣೋ ಆ ಕೈ

ಮೂವರು ಡಾಕ್ಟರುಗಳ ಕೈಕೆಳಗೆ ಒಂದೇ ಆಪರೇಷನ್ ಥಿಯೇಟರಿನಲ್ಲಿ ದುಡಿದವರಿಗೆ ಮಾತ್ರ ನನ್ನ ಸಂಕಟ ಗೊತ್ತಾಗುತ್ತದೆ. ಮಾಡುವ ಕೆಲಸ ಒಂದೇ: ಕಣ್ಣಿನ ಪೊರೆ ತೆಗೆಯುವುದು, ಲೆನ್ಸ್ ಕೂರಿಸುವುದು, ಪಟ್ಟಿ ಕಟ್ಟುವುದು. ಆದರೆ ಡಾಕ್ಟರ್ ಅಡೊಮಾಕೊಗೆ ಸಲಕರಣೆಯ ತಟ್ಟೆ ಬಲಕ್ಕಿರಬೇಕು, ಜೊತೆಗೆ ಅವರು ಗುನುಗುವ ಚರ್ಚಿನ ಹಾಡಿಗೆ ಯಾರೂ ಅಡ್ಡಬಾಯಿ ಹಾಕಬಾರದು. ಎರಡನೆಯವರಿಗೆ ತಟ್ಟೆ ಎಡಕ್ಕಿರಬೇಕು, ನಮ್ಮ ಉಸಿರೂ ಕೇಳಿಸಬಾರದು. ತಿಂಗಳಿಗೊಮ್ಮೆ ಉತ್ತರದಿಂದ ಬರುವ ಡಾಕ್ಟರಮ್ಮನಿಗೆ ಕಣ್ಣಿಗೆ ಹಾಕುವ ಹನಿಯೇ ಬೇರೆ, ಕೂರುವ ಸ್ಟೂಲಿನ ಎತ್ತರವೇ ಬೇರೆ. ಬೆಳಗಾದರೆ ನನ್ನ ನರ್ಸುಗಳು ಇವತ್ತು ಯಾರ ತಾಳಕ್ಕೆ ಕುಣಿಯಬೇಕು ಎಂದು ನನ್ನ ಮುಖ ನೋಡುತ್ತಿದ್ದರು.

ಹಾಗಾಗಿ, ಇನ್ನು ಮುಂದೆ ಎಲ್ಲ ಆಸ್ಪತ್ರೆಗಳಲ್ಲೂ ಪೊರೆಯ ಆಪರೇಷನ್ ಒಂದೇ ಥರ ನಡೆಯಬೇಕು ಎಂಬ ಸುತ್ತೋಲೆ ಬಂದಾಗ ಎಲ್ಲರಿಗಿಂತ ಮೊದಲು ಕುಣಿದವಳು ನಾನು. ನಾನೆಂದರೆ ಪೊಕುವಾ, ಥಿಯೇಟರಿನ ಹಿರಿಯ ಸಿಸ್ಟರ್. ನನ್ನ ತಲೆ ಬೆಳ್ಳಗಾಗಿರುವುದು ವಯಸ್ಸಿನಿಂದ ಅಂತ ಜನ ಅಂದುಕೊಂಡಿದ್ದಾರೆ. ಅಲ್ಲ, ಈ ಮೂವರಿಂದ.

ನಮ್ಮ ಸೀಮೆಯ ದೊಡ್ಡ ಪಟ್ಟಣ ಸುನ್ಯಾನಿಯಲ್ಲಿ ಸಭೆ ಕರೆದರು. ಸುತ್ತಲಿನ ಆಸ್ಪತ್ರೆಗಳವರೆಲ್ಲ ಬಂದಿದ್ದರು. ಕೊರೆಯುವ ಏಸಿ, ತಟ್ಟೆ ತುಂಬ ಮೀಟ್ ಪೈ. ಸಲಕರಣೆ ಎಲ್ಲಿಡಬೇಕು, ಹನಿ ಯಾವುದು, ಪಟ್ಟಿ ಹೇಗೆ, ಎಲ್ಲ ತೀರ್ಮಾನವಾಯಿತು. ಆಮೇಲೆ ತಪ್ಪು ಕಣ್ಣಿನ ಮಾತು ಬಂತು. ಎಲ್ಲೋ ಒಂದು ಆಸ್ಪತ್ರೆಯಲ್ಲಿ, ಹೆಸರು ಹೇಳಲಿಲ್ಲ, ಒಬ್ಬ ಮುದುಕನಿಗೆ ಪೊರೆ ಬಂದ ಕಣ್ಣು ಬಿಟ್ಟು ಚೆನ್ನಾಗಿದ್ದ ಕಣ್ಣನ್ನು ಕೊಯ್ದಿದ್ದರಂತೆ. ಕೈಯಲ್ಲಿದ್ದ ಮೀಟ್ ಪೈಯನ್ನು ವಾಪಸ್ ತಟ್ಟೆಗಿಟ್ಟೆ. ಇನ್ನೆಂದೂ ಹಾಗಾಗಬಾರದೆಂದು ಮೂರು ಗುರುತು ಗೊತ್ತು ಮಾಡಿದೆವು. ಚೀಟಿಯಲ್ಲಿ ಬರೆದ ಕಣ್ಣು, ಹುಬ್ಬಿನ ಮೇಲೆ ಶಾಯಿಯಲ್ಲಿ ಎಳೆದ ಬಾಣ, ಥಿಯೇಟರಿನ ಬಾಗಿಲಲ್ಲಿ ರೋಗಿ ತಾನಾಗಿ ಎತ್ತಿ ತೋರಿಸುವ ಕೈ. ಯಾವ ಕಣ್ಣೋ ಆ ಕೈ. ಮೂರೂ ತಾಳೆಯಾದರೆ ಒಳಗೆ, ಒಂದು ತಪ್ಪಿದರೂ ವಾಪಸ್ ಬೆಂಚಿಗೆ. ಓದು ಬರಹ ಬರಬೇಕಾಗಿಲ್ಲ, ಭಾಷೆ ಯಾವುದಾದರೂ ನಡೆಯುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ. ಆ ಕೋಣೆಯಲ್ಲಿ ಕೂತಿದ್ದವರೆಲ್ಲ ಈ ನೆಲದವರೇ. ಶಾಲೆಯಲ್ಲಿ ಉತ್ತರ ಗೊತ್ತೆಂದು ಎಡಗೈ ಎತ್ತಿ ಮೇಷ್ಟರಿಂದ ಬಾರಿಸಿಕೊಂಡವರೇ. ಸಂತೆಯಲ್ಲಿ ಎಡಗೈಯಿಂದ ಟೊಮೆಟೊ ತೋರಿಸಿದರೆ ಮಾರುವವಳು ಮುಖ ತಿರುಗಿಸುತ್ತಾಳೆ ಎಂದು ಬಲ್ಲವರೇ. ಆದರೆ ಸಭೆ ಇಂಗ್ಲಿಷಿನಲ್ಲಿ ನಡೆಯಿತು. ಇಂಗ್ಲಿಷಿನಲ್ಲಿ ಮಾತಾಡುವಾಗ ನಮಗ್ಯಾರಿಗೂ ಅಜ್ಜಿಯರೇ ಇರುವುದಿಲ್ಲ.

ಹೊಸ ಪದ್ಧತಿಯ ಮೊದಲ ಬುಧವಾರ ರಾಜಧಾನಿ ಅಕ್ರಾದಿಂದ ಪರೀಕ್ಷಕರೊಬ್ಬರು ಬಂದರು. ಮಿಸ್ಟರ್ ಕ್ವಾಯೆ. ಟೈ ಬಿಚ್ಚದೆ ಅದರ ಮೇಲೆಯೇ ಥಿಯೇಟರಿನ ಹಸಿರು ಗೌನು ಹಾಕಿಕೊಂಡು, ಕೈಯಲ್ಲಿ ರಟ್ಟಿನ ಹಲಗೆ ಹಿಡಿದು ಬಾಗಿಲ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಅವರ ಲೆಕ್ಕದಲ್ಲಿ ನಾವು ಪಾಸಾದರೆ ಲೆನ್ಸಿನ ಪೆಟ್ಟಿಗೆಗಳು ನೇರ ನಮ್ಮ ಆಸ್ಪತ್ರೆಗೇ ಬರುತ್ತವೆ. ಇಲ್ಲವಾದರೆ ಈ ಸುತ್ತಿನ ಮುದುಕ ಮುದುಕಿಯರೆಲ್ಲ ಲಾರಿ ಹತ್ತಿ ದೂರದೂರಿಗೆ ಹೋಗಿ ಸಾಲು ನಿಲ್ಲಬೇಕು.

ಬಲಗಣ್ಣಿನವರು ಸಲೀಸಾಗಿ ಒಳಗೆ ಹೋದರು. ಡಾಕ್ಟರ್ ಅಡೊಮಾಕೊ ಹಾಡು ಗುನುಗುತ್ತಿದ್ದರು, ತಟ್ಟೆ ನಿಯಮದ ಪ್ರಕಾರ ಇರಬೇಕಾದಲ್ಲೇ ಇತ್ತು, ನನ್ನ ಎದೆ ತಣ್ಣಗಿತ್ತು. ಆಮೇಲೆ ಚರ್ಚಿನ ಹಾಡುಗಾರ ಅಗ್ಯೆಕುಂ ತಾತನ ಸರದಿ ಬಂತು. ಎಡ ಹುಬ್ಬಿನ ಮೇಲೆ ದಪ್ಪ ಬಾಣ.

"ತಾತ, ಯಾವ ಕಣ್ಣಿಗೆ ಆಪರೇಷನ್ನು? ಆ ಕಡೆ ಕೈ ಎತ್ತಿ ನೋಡೋಣ," ಎಂದೆ.

ತಾತ ಬಲಗೈ ಎತ್ತಿದರು.

"ಚೀಟಿ ಎಡ, ಬಾಣ ಎಡ, ಕೈ ಬಲ," ಎಂದರು ಕ್ವಾಯೆ ಹಲಗೆಯಿಂದ ತಲೆಯೆತ್ತದೆ. "ತಾಳೆಯಾಗ್ಲಿಲ್ಲ. ಬೆಂಚಿಗೆ."

"ತಾತ, ನಿಮ್ದು ಎಡಗಣ್ಣಲ್ವಾ?"

"ಹೂಂ ಕಣಮ್ಮ, ಎಡಗಣ್ಣೇ." ಅದೇ ಬಲಗೈಯನ್ನು ಮೂಗಿನ ಮೇಲಿಂದ ಹಾಯಿಸಿ ಎಡಗಣ್ಣು ಮುಟ್ಟಿ ತೋರಿಸಿದರು.

"ಹಾಗಾದ್ರೆ ಆ ಕಡೆ ಕೈ ಎತ್ತಿ."

"ಯಾವ್ದು, ಇದಾ?" ಮಡಿಲಲ್ಲಿದ್ದ ಎಡಗೈಯನ್ನು ಇನ್ನಷ್ಟು ಒಳಗೆಳೆದುಕೊಂಡರು. "ಡಾಕ್ಟ್ರ ಮುಂದೇನಾ? ದೊಡ್ಡೋಳಾಗಿ ಎಂಥ ಮಾತಾಡ್ತೀಯಮ್ಮ!"

ನಾನು ಹಣೆ ಚಚ್ಚಿಕೊಂಡೆ. ಸುನ್ಯಾನಿಯ ಏಸಿ ಕೋಣೆ, ಆ ಚಪ್ಪಾಳೆ, ಆ ಮೀಟ್ ಪೈ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

"ಮಿಸ್ಟರ್ ಕ್ವಾಯೆ, ನೀವೂ ಇಲ್ಲಿಯೋರೇ. ನಿಮ್ಮಜ್ಜಿ ಎತ್ತಾರಾ ಎಡಗೈನ?"

"ಕತ್ತು ಕುಯ್ದ್ರೂ ಎತ್ತಲ್ಲ."

"ಮತ್ತೆ?"

"ಮತ್ತೇನು ಸಿಸ್ಟರ್? ಆ ಆಸ್ಪತ್ರೇಲಿ ಬಾಯಿಮಾತು ನಂಬಿಯೇ ಆ ಮುದುಕಪ್ಪನ ಕಣ್ಣು ಹೋಗಿದ್ದು. 'ಬಲಗಣ್ಣು ತಾನೇ?' ಅಂದ್ರಂತೆ, 'ಹೂಂ' ಅಂದ್ರಂತೆ. ಡಾಕ್ಟ್ರು ಏನು ಕೇಳಿದ್ರೂ ಹೂಂ ಅಂತಾರೆ ನಮ್ಮೋರು. ಅದಕ್ಕೇ ಕೈ ಇಟ್ಟಿದ್ದು. ಇವತ್ತು ನಾನು ಕೈ ಬಿಟ್ಟು ಟಿಕ್ ಹಾಕಿದ್ರೆ ನಾಳೆ ಇನ್ನೊಬ್ಬ ಬಾಣಾನೂ ಬಿಡ್ತಾನೆ."

ಅವರ ಮಾತು ಸರಿಯಾಗೇ ಇತ್ತು. ಕೋಪ ಬಂದಿದ್ದೇ ಅದಕ್ಕೆ. ಮೂರ್ಖನ ಮೇಲೆ ಕೂಗಾಡಬಹುದು, ಸರಿ ಮಾತಾಡುವವನ ಮೇಲೆ ಏನಂತ ಕೂಗಾಡುವುದು?

ತಾತ ಬೆಂಚಿಗೆ ಹೋದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಹೊತ್ತೇರುತ್ತಿದ್ದ ಹಾಗೆ ಬೆಂಚಿನ ತುಂಬ ಎಡಗಣ್ಣಿನವರೇ ತುಂಬಿಕೊಂಡರು. ಕಣ್ಣ ಪಾಪೆ ಅರಳಲೆಂದು ಹಾಕಿದ ಹನಿಯ ಪ್ರಭಾವ ಇಳಿಯುತ್ತ ಬರುತ್ತಿತ್ತು. ಡಾಕ್ಟರ್ ಅಡೊಮಾಕೊ ಗ್ಲೌಸ್ ತೊಟ್ಟ ಕೈಗಳನ್ನು ಎದೆಯ ಮಟ್ಟಕ್ಕೆ ಹಿಡಿದು ಬಾಗಿಲಿಗೇ ಬಂದು ನಿಂತರು.

"ಏನ್ ಸಿಸ್ಟರ್, ಊರಲ್ಲಿ ಎಡಗಣ್ಣಿನ ಪೊರೆ ಎಲ್ಲಾ ವಾಸಿಯಾಗೋಯ್ತಾ?"

"ನೀವು ಒಳಗೆ ಹೋಗಿ ಹಾಡ್ತಿರಿ ಡಾಕ್ಟ್ರೇ. ಇಲ್ಲಿ ನನಗೆ ಪಿತ್ತ ನೆತ್ತಿಗೇರಿದೆ."

"ನಾನು ಮಧ್ಯಾಹ್ನದ ಮೇಲೆ ಕುಮಾಸಿಗೆ ಹೊರಡ್ಬೇಕು. ಮುಂದಿನ ಬುಧವಾರಗಳೆಲ್ಲ ನಮ್ಮ ಮೂವರಿಗೂ ಭರ್ತಿ, ಇವರ ಸರದಿ ಇನ್ನು ಕೋಕೋ ಕುಯ್ಲು ಮುಗಿದ ಮೇಲೇನೇ. ಹೇಳಿದೀನಿ."

ಬೆಂಚಿನ ತುದಿಯಲ್ಲಿ ಮಾಮೆ ಅಫ್ರಾಕೋಮ ಕೂತಿದ್ದರು. ಆ ಬೆಂಚಿನಲ್ಲಿ ಯಾರನ್ನಾದರೂ ಕಾಯಿಸಬಹುದಿತ್ತು, ಈ ಅಜ್ಜಿಯನ್ನಲ್ಲ. ಲಾರಿ ನಿಲ್ದಾಣದ ಪಕ್ಕ ಅವರದೊಂದು ಊಟದ ಅಂಗಡಿ ಇದೆ, ಫುಫು ಮುದ್ದೆ ಮತ್ತು ಮೇಕೆ ಮಾಂಸದ ತಿಳಿಸಾರಿನದು. ಬಲಗಣ್ಣು ಎಂದೋ ಹೋಗಿತ್ತು, ಫುಫು ಕುಟ್ಟುವ ಒನಕೆಯ ಸಿಬಿರು ಹಾರಿ. ಉಳಿದ ಎಡಗಣ್ಣಿಗೆ ಈಗ ಗಂಜಿ ಕೆನೆಗಟ್ಟಿದ ಹಾಗೆ ಪೊರೆ ಬಂದಿತ್ತು. ಒಂದು ದಿನ ಉಪ್ಪೆಂದು ಬಟ್ಟೆ ಸೋಪಿನ ಪುಡಿಯನ್ನು ಸಾರಿಗೆ ಹಾಕಿಬಿಟ್ಟರು. ಲಾರಿಯವರು ಬಾಯಲ್ಲಿ ನೊರೆ ತುಂಬಿಕೊಂಡು ಎದ್ದು ಓಡಿದರಂತೆ. ಅವತ್ತೇ ಸೊಸೆ ಕೊನಾಡು ಸೌಟು ತೆಗೆದುಕೊಂಡಳು.

ಬೆಳಿಗ್ಗೆ ಹನಿ ಹಾಕುವಾಗ ಅಜ್ಜಿ ಇದನ್ನೆಲ್ಲ ನನಗೆ ಹೇಳಿದ್ದರು. "ಜಗಳ ಆಡಿ ಕಿತ್ಕೊಂಡಿದ್ರೆ ನಾನೂ ಎರಡು ಬಿಡ್ತಿದ್ದೆ ಕಣಮ್ಮ. ಅವಳು 'ಅತ್ತೆ, ನೀವು ದಣಿದಿದೀರಿ, ಕೂತ್ಕೊಳ್ಳಿ' ಅಂದ್ಳು. ಅಷ್ಟು ಮರ್ಯಾದೆಯಾಗಿ ನನ್ನನ್ನ ಇನ್ಯಾರೂ ಕೊಂದಿಲ್ಲ."

"ಕಣ್ಣು ಬಂದ ಮೇಲೆ ಮೊದಲು ಏನು ನೋಡ್ತೀರಜ್ಜಿ?" ಎಂದು ಕೇಳಿದ್ದೆ.

"ನನ್ನ ಸೌಟು ಎಲ್ಲಿಟ್ಟಿದಾಳೆ ಅಂತ ನೋಡ್ತೀನಿ."

ಆ ಸೊಸೆ ಕೊನಾಡು ಬಾಗಿಲಿನಾಚೆ, ರೋಗಿಗಳ ಕಡೆಯವರು ಕೂರುವ ಜಾಗದಲ್ಲಿದ್ದಳು. ದಪ್ಪಗೆ, ನಗುಮುಖದವಳು. ಕೂತಲ್ಲಿಂದ ಫುಟ್‌ಬಾಲ್ ಆಟದ ವರದಿ ಒಪ್ಪಿಸುವವರ ಹಾಗೆ ಒಳಗಿನದನ್ನೆಲ್ಲ ಉಳಿದವರಿಗೆ ಬಿತ್ತರಿಸುತ್ತಿದ್ದಳು. "ಚೀಟಿ, ಬಾಣ, ಕೈ, ಮೂರೂ ತಾಳೆಯಾಗ್ಬೇಕಂತೆ ಕಣ್ರೀ. ಆಗ್ಲಿಲ್ಲ ಅಂದ್ರೆ ಬೆಂಚಿಗೆ ವಾಪಸ್. ಹೋದ್ರು ನೋಡಿ, ಇನ್ನೊಬ್ರು ಹೋದ್ರು!"

ಮಾಮೆ ಅಫ್ರಾಕೋಮರನ್ನು ಬಾಗಿಲ ಬಳಿಯ ಕುರ್ಚಿಗೆ ತಂದು ಕೂರಿಸಿದೆ. ಈ ಸಲ ಸೋಲಬಾರದೆಂದು ನಿರ್ಧರಿಸಿದ್ದೆ.

"ಅಜ್ಜಿ, ನೋಡಿ, ಎಡಗೈ ಎತ್ತೋದು ತಪ್ಪು ಅಂತ ನನಗೂ ಗೊತ್ತು. 'ಎಡಗೈ, ಕ್ಷಮಿಸಿ' ಅಂತ ಮೊದಲು ಹೇಳಿ, ಆಮೇಲೆ ಎತ್ತಿ. ದೊಡ್ಡೋರು ಹಾಗೆ ಮಾಡೋದಿಲ್ವಾ?"

"ಮಾಡ್ತಾರೆ. ಬಲಗೈ ಎಂಜಲಾಗಿದ್ದಾಗ. ಕೈತುಂಬ ಹೊರೆ ಇದ್ದಾಗ." ಅಜ್ಜಿ ತಮ್ಮ ಬಲಗೈಯನ್ನು ಬಿಚ್ಚಿ ತೋರಿಸಿದರು. "ಇದು ನೋಡು, ತೊಳೆದು ಖಾಲಿ ಕೂತಿದೆ. ಇದನ್ನ ಇಟ್ಕೊಂಡು ಕ್ಷಮೆ ಕೇಳೋದು ಅಂದ್ರೆ ಸುಳ್ಳು ಹೇಳಿದ ಹಾಗಲ್ವೇನೇ?"

ಒಳಗೆ ಹೋಗಿ ಒಂದು ಸ್ಟೀಲ್ ಟ್ರೇ ತಂದೆ. "ಸರಿ. ಇದನ್ನ ಬಲಗೈಲಿ ಹಿಡ್ಕೊಳ್ಳಿ. ಈಗ ಕೈತುಂಬ ಹೊರೆ ಇದೆ ತಾನೇ? ಎತ್ತಿ ಎಡಗೈ."

ಅಜ್ಜಿ ಟ್ರೇ ಹಿಡಿದರು. ಒಂದು ಕ್ಷಣ ಯೋಚಿಸಿದರು. ಟ್ರೇಯನ್ನು ಜೋಪಾನವಾಗಿ ಮಡಿಲಲ್ಲಿಟ್ಟು ಬಲಗೈ ಎತ್ತಿದರು.

"ಬಲ," ಎಂದರು ಕ್ವಾಯೆ.

ಒಳಗಿನಿಂದ ಡಾಕ್ಟರ್ ನಕ್ಕಿದ್ದು ಕೇಳಿಸಿತು. ಬಾಗಿಲಾಚೆ ಕೊನಾಡು, "ನಮ್ಮತ್ತೇನ ಗೆಲ್ಲೋರು ಇನ್ನೂ ಹುಟ್ಟಿಲ್ಲ," ಎಂದು ವರದಿ ಕೊಟ್ಟಳು.

ನಾನೇ ಅಜ್ಜಿಯ ಎಡ ಮಣಿಕಟ್ಟು ಹಿಡಿದು ಮೇಲಕ್ಕೆತ್ತಲು ಹೋದೆ. "ರೋಗಿ ತಾನಾಗಿ ಎತ್ಬೇಕು," ಎಂದರು ಕ್ವಾಯೆ. ಅವರು ಹೇಳುವ ಅಗತ್ಯವೇ ಇರಲಿಲ್ಲ, ಒನಕೆ ಹಿಡಿದು ಗಟ್ಟಿಯಾದ ಆ ಕೈ ಮಡಿಲು ಬಿಟ್ಟು ಕದಲಲಿಲ್ಲ.

"ಬಿಡು ಮಗಳೇ," ಎಂದರು ಅಜ್ಜಿ, ನನ್ನನ್ನೇ ಸಮಾಧಾನ ಮಾಡುವ ದನಿಯಲ್ಲಿ. "ಕಣ್ಣು ಕೊಡೋ ಮನುಷ್ಯನಿಗೆ ಎಡಗೈ ತೋರ್ಸಿ ಕಣ್ಣು ಪಡ್ಕೊಂಡ್ರೆ ಆ ಕಣ್ಣಲ್ಲಿ ಯಾರ ಮುಖ ನೋಡ್ಲಿ? ಕೋಕೋ ಕುಯ್ಲು ಆದ್ಮೇಲೆ ಬರ್ತೀನಿ ಬಿಡು."

ಆ ಸಮಾಧಾನವೇ ನನ್ನನ್ನು ಕೆಡಿಸಿದ್ದು. ಕೋಕೋ ಕುಯ್ಲು ಮುಗಿಯುವಷ್ಟರಲ್ಲಿ ಈ ಪೊರೆ ಒಳಗೇ ಕೊಳೆತು ಕಣ್ಣು ಕಲ್ಲಾಗಬಹುದು. ಆಗ ಯಾವ ಡಾಕ್ಟರ್ ಯಾವ ಹಾಡು ಹಾಡಿದರೂ ಬೆಳಕು ಬರುವುದಿಲ್ಲ. ಇದನ್ನು ಬಿಡಿಸಿ ಹೇಳುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಉಪಾಯ ಮಾಡಿದೆ ಎಂದು ಆಮೇಲೆ ಎಲ್ಲರೂ ಹೊಗಳಿದರು. ಉಪಾಯವೂ ಇಲ್ಲ, ಮಣ್ಣೂ ಇಲ್ಲ. ಬೆಳಗಿನಿಂದ ಗಂಟಲಲ್ಲಿ ಕೂತಿದ್ದ ಸಿಟ್ಟು ಬಾಯಿಗೆ ಬಂತು, ಅಷ್ಟೇ.

"ಕೂತ್ಕೊಳ್ಳಿ ಹಾಗಾದ್ರೆ ಕತ್ತಲೇಲಿ!" ಎಂದು ಕಿರುಚಿದೆ. "ಸೌಟು ನಿಮ್ಮ ಕೈಗೆ ಬರದೇ ಇರೋದೇ ಈ ಊರಿನ ಪುಣ್ಯ. ನಿಮ್ಮ ಸೊಸೆ ಸಾರೇ ನಿಮ್ಮ ಸಾರಿಗಿಂತ ಚೆನ್ನಾಗಿರುತ್ತೆ. ಲಾರಿಯೋರೆಲ್ಲ ಹಾಗೇ ಅಂತಾರೆ!"

ನಾನು ಅವರಿಬ್ಬರ ಸಾರನ್ನೂ ಆವರೆಗೆ ನಾಲಿಗೆಗೆ ಮುಟ್ಟಿಸಿಕೊಂಡವಳಲ್ಲ. ಲಾರಿಯವರ ಜೊತೆ ಮಾತಾಡಿದವಳೂ ಅಲ್ಲ.

ಬಾಗಿಲಾಚೆ ಕೊನಾಡುವಿನ ವರದಿ ನಿಂತುಹೋಯಿತು. ಅಜ್ಜಿಯ ಮುಖ ಗಟ್ಟಿಯಾಯಿತು. ಮಡಿಲಲ್ಲಿದ್ದ ಟ್ರೇ ಠಣ್ಣೆಂದು ನೆಲಕ್ಕೆ ಬಿತ್ತು. ಎಡಗೈ ಮೇಲೆದ್ದಿತು, ಐದೂ ಬೆರಳು ಅಗಲವಾಗಿ, ಅಂಗೈ ನೇರ ನನ್ನ ಮುಖಕ್ಕೆ.

"ತಗೋ! ನಿನಗೂ, ನಿನಗೆ ನಾಲಿಗೆ ಕೊಟ್ಟೋರಿಗೂ! ಸೋಪು ಯಾವ್ದು ಸಾರು ಯಾವ್ದು ಅಂತ ತಿಳೀದ ಬಾಯಿಗೂ!"

ಈ ನಾಡಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

"ಚೀಟಿ ಎಡ, ಬಾಣ ಎಡ, ಕೈ ಎಡ," ಎಂದರು ಕ್ವಾಯೆ, ಹಲಗೆಯ ಮೇಲೆ ಟಿಕ್ ಹಾಕುತ್ತ. "ರೋಗಿ ತಾನಾಗಿ ಎತ್ತಿದಾರೆ. ಒಳಗೆ."

ಅಜ್ಜಿಯನ್ನು ಮಲಗಿಸಿ, ಕಣ್ಣಿನ ಪಕ್ಕ ಮರಗಟ್ಟಿಸುವ ಸೂಜಿ ಚುಚ್ಚಿ, ಡಾಕ್ಟರ್ ಹಾಡು ಶುರು ಮಾಡುವವರೆಗೂ ಅವರು ನನ್ನನ್ನು ಬೈಯುತ್ತಲೇ ಇದ್ದರು. ನಾನು ಬಾಗಿಲಿಗೆ ಬಂದು ಮುಂದಿನವರನ್ನು ಕರೆದೆ. ದಾರಿ ಗೊತ್ತಾದ ಮೇಲೆ ಇನ್ನೇನು? ಅಗ್ಯೆಕುಂ ತಾತನಿಗೆ, ಭಾನುವಾರ ನೀವು ಹಾಡಿದರೆ ಚರ್ಚಿನ ಹಿಂದಿನ ಕಪ್ಪೆಗಳು ನಾಚಿ ಬಾಯಿ ಮುಚ್ಚುತ್ತವೆ ಎಂದೆ. ಇನ್ನೊಬ್ಬರಿಗೆ, ನಿಮ್ಮ ಗೆಣಸಿನ ಹೊಲದಲ್ಲಿ ಬೆಳೆಯುವುದು ಗೆಣಸಲ್ಲ, ಮೂಲಂಗಿ ಎಂದೆ. ಒಂದಾದ ಮೇಲೊಂದು ಎಡಗೈಗಳು ನನ್ನ ಮುಖಕ್ಕೆ ಏಳುತ್ತ ಹೋದವು. ಡಾಕ್ಟರು ಕುಮಾಸಿಯ ಕಾರು ಹತ್ತುವ ಮೊದಲು ಬೆಂಚು ಖಾಲಿಯಾಗಿತ್ತು. ನಾನು ಕೈತೊಳೆಯುವ ತೊಟ್ಟಿಯ ಹತ್ತಿರ ಹೋಗಿ ಯಾರಿಗೂ ಕಾಣದ ಹಾಗೆ ಅತ್ತೆ. ಬೈಸಿಕೊಂಡಿದ್ದಕ್ಕಲ್ಲ. ಅಷ್ಟು ಜನ ಹಿರಿಯರ ಮರ್ಯಾದೆಯನ್ನು ನನ್ನ ಬಾಯಿಂದ ಕಳೆದಿದ್ದೆ, ಅದೂ ಅವರ ಒಳ್ಳೆಯದಕ್ಕೇ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದೆ. ಮಾಮೆ ಅಫ್ರಾಕೋಮ ರೆಪ್ಪೆ ಬಡಿದರು. ಗೋಡೆ ನೋಡಿದರು, ಕಿಟಕಿ ನೋಡಿದರು, ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು.

"ನೆನ್ನೆ ಕೂಗಿದೋಳು ನೀನೇನಾ?"

"ನಾನೇ ಅಜ್ಜಿ."

"ಅಯ್ಯೋ, ನಿನಗೂ ತಲೆ ಬೆಳ್ಳಗಾಗಿದೆಯಲ್ಲೇ! ದನಿ ಕೇಳಿ ಯಾವ್ದೋ ಮೊನ್ನೆ ಮೊನ್ನೆ ಕೆಲ್ಸಕ್ಕೆ ಸೇರಿದ ಹುಡ್ಗಿ ಅಂದ್ಕೊಂಡಿದ್ದೆ. ಮನೆಯೊಡತಿ ಥರ ಇರೋಳಿಗೆ ಎಡಗೈ ತೋರಿಸಿಬಿಟ್ನಾ ನಾನು?" ನಿಜವಾಗಿಯೂ ನೊಂದುಕೊಂಡರು. ನನ್ನ ಕೈಯನ್ನು ತಮ್ಮ ಬಲಗೈಯಲ್ಲಿ ಹಿಡಿದರು.

ಅಷ್ಟರಲ್ಲಿ ಮಂಚದ ಆಚೆ ನಿಂತಿದ್ದ ಕೊನಾಡು ಬಾಯಿ ಹಾಕಿದಳು. "ಅತ್ತೆ, ಕಣ್ಣು ಬಂತು, ದೇವರು ದೊಡ್ಡೋನು. ಆದ್ರೆ ಸೌಟು ಮಾತ್ರ ನನ್ನತ್ರಾನೇ ಇರ್ಲಿ ಬಿಡಿ. ಸಾರು ನಂದೇ ಚೆನ್ನಾಗಿರುತ್ತೆ ಅಂತ ಸಿಸ್ಟರೇ ಹೇಳಿದ್ರಲ್ಲ, ಎಲ್ಲಾರ ಮುಂದೆ."

ನಾನು ಗಾಬರಿಯಿಂದ ಅವಳ ಕಡೆ ತಿರುಗಿದೆ. "ಅಯ್ಯೋ ತಾಯಿ, ಅಜ್ಜಿ ಕೈ ಎತ್ಲಿ ಅಂತ ಸಿಟ್ಟಲ್ಲಿ ಹೇಳಿದ್ದು ಅದು. ನಾನು ನಿಮ್ಮ ಸಾರು ಕಂಡೂ ಇಲ್ಲ, ಉಂಡೂ ಇಲ್ಲ."

"ನೆನ್ನೆ ಹೇಳಿದ್ದು ಸುಳ್ಳು ಅಂತ ಇವತ್ತು ಹೇಳ್ತಿದೀರಿ. ಇವತ್ತು ಹೇಳ್ತಿರೋದು ಸುಳ್ಳು ಅಂತ ನಾಳೆ ಹೇಳಿದ್ರೆ?" ಎಂದಳು ಕೊನಾಡು, ನಗುನಗುತ್ತಲೇ.

ಅಜ್ಜಿ ನನ್ನ ಕೈ ಬಿಟ್ಟರು. ಹೊಸ ಕಣ್ಣು ನನ್ನ ಮೇಲೆ ನೆಟ್ಟಿತು. "ಬಂದು ಉಣ್ಣು. ಅವಳ್ದೂ ನಂದೂ ಎರಡೂ ಉಂಡು ಊರೋರ ಮುಂದೆ ಹೇಳು. ನೀನು ಹೇಳೋವರೆಗೂ ಸೌಟು ನಾನು ಮುಟ್ಟಲ್ಲ."

"ಒಂದು ತಿಂಗಳು ಹೊಗೆ, ಮೆಣಸು, ಒಲೆ ಮುಂದೆ ಬಗ್ಗೋದು ಯಾವ್ದೂ ಕೂಡದು," ಎಂದು ಹೇಗೋ ತಪ್ಪಿಸಿಕೊಂಡೆ.

"ತಿಂಗಳಾದ ಮೇಲೇ ಬಾ."

ಆ ತಿಂಗಳು ಹೇಗೆ ಕಳೆಯಿತೆಂದು ನನಗೇ ಗೊತ್ತು. ಕ್ವಾಯೆಯವರ ವರದಿಯಿಂದ ನಮ್ಮ ಆಸ್ಪತ್ರೆ ಪಾಸಾಯಿತು, ಮೂರು ಗುರುತೂ ಎಲ್ಲರಲ್ಲೂ ತಾಳೆ ಎಂದು ಹೊಗಳಿಕೆ ಬಂತು. ಕೈ ಎತ್ತಿಸುವುದು ಬಿಟ್ಟು, ಬಲಗೈಯಿಂದಲೇ ಆ ಕಣ್ಣು ಮುಟ್ಟಿ ತೋರಿಸಲಿ ಎಂದು ನಾನು ಬರೆದು ಕಳಿಸಿದೆ. ನಿಮ್ಮ ಸಲಹೆಯನ್ನು ಸೂಕ್ತ ಮಾರ್ಗದಲ್ಲಿ ಕಳಿಸಿ ಎಂದು ಉತ್ತರ ಬಂತು. ನಾನೇನು ಅದನ್ನು ಕಾಡುದಾರಿಯಲ್ಲಿ ಕಳಿಸಿದ್ದೆನೇ? ಬೇರೆ ಆಸ್ಪತ್ರೆಯ ಸಿಸ್ಟರುಗಳು ಫೋನ್ ಮಾಡಿ, "ಅಕ್ಕಾ, ನಿಮ್ಮಲ್ಲಿ ಎಡಗೈ ಹೇಗೆ ಎತ್ತಿಸ್ತೀರಿ, ನಮಗೂ ಹೇಳ್ಕೊಡಿ," ಎನ್ನತೊಡಗಿದರು. ಹೇಳಿಕೊಟ್ಟೆ. ಈಗ ಈ ಸೀಮೆಯ ಆಸ್ಪತ್ರೆಗಳಲ್ಲೆಲ್ಲ ಬುಧವಾರ ಬುಧವಾರ ಎಡಗಣ್ಣಿನ ಮುದುಕರನ್ನು ಒಂದೇ ಥರ ಬೈಯಲಾಗುತ್ತಿದೆ. ಪದ್ಧತಿಯೆಂದರೆ ಪದ್ಧತಿ! ನಮ್ಮ ಪಾದ್ರಿಗಳು ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಮೆತ್ತಗೆ ವಿಚಾರಿಸಿದರು.

ತಿಂಗಳು ಕಳೆದ ಭಾನುವಾರ ಚರ್ಚಿನಿಂದ ಹೊರಬರುವಷ್ಟರಲ್ಲಿ ಕೊನಾಡು ಕೊಡೆ ಹಿಡಿದು ನನಗಾಗಿ ಕಾಯುತ್ತಿದ್ದಳು.

ಅಂಗಡಿಯಲ್ಲಿ ಜನ ಕಿಕ್ಕಿರಿದಿದ್ದರು. ಲಾರಿಯವರು, ಸಂತೆಯವರು, ಕೊನೆಗೆ ಅಗ್ಯೆಕುಂ ತಾತನೂ ಬಂದು ಕೂತಿದ್ದರು, ನನ್ನ ಫಜೀತಿ ನೋಡಲೆಂದೇ. ನನ್ನನ್ನು ನಡುವೆ ಕೂರಿಸಿ ಕೈ ತೊಳೆಸಿದರು. ಬಲಕ್ಕೊಂದು ಮಣ್ಣಿನ ಬಟ್ಟಲು ಇಟ್ಟರು, ಅದು ಅತ್ತೆಯದು, ಕೊಟ್ಟ ಮಾತಿನಂತೆ ಸೌಟು ಮುಟ್ಟದೆ ಮರದ ಚಮಚದಲ್ಲೇ ಮಾಡಿದ್ದು. ಎಡಕ್ಕೊಂದು, ಅದು ಸೊಸೆಯದು. ಎರಡರಲ್ಲೂ ಒಂದೇ ಥರದ ಫುಫು ಮುದ್ದೆ, ಒಂದೇ ಮೇಕೆಯ ಮಾಂಸ. ಸೌಟು ಒಲೆಯ ಪಕ್ಕ ಗೂಟಕ್ಕೆ ತೂಗುತ್ತಿತ್ತು. ಅದರ ಕೆಳಗೆ ಮಾಮೆ ಅಫ್ರಾಕೋಮ ಸ್ಟೂಲಿನ ಮೇಲೆ ಕೂತು, ಎಡಗಣ್ಣನ್ನು ನನ್ನ ಮುಖದಿಂದ ಕದಲಿಸದೆ ನೋಡುತ್ತಿದ್ದರು. ಅಷ್ಟು ಚೆನ್ನಾಗಿ ಆಪರೇಷನ್ ಮಾಡಿದ ಡಾಕ್ಟರ್ ಅಡೊಮಾಕೊ ಮೇಲೆ ನನಗೆ ಸಿಟ್ಟು ಬಂತು.

ಮೊದಲು ಬಲಗಡೆಯದನ್ನು ಉಂಡೆ. ಒಳ್ಳೆಯ ಸಾರೇ. ಖಾರ ಹದವಾಗಿತ್ತು, ಉಪ್ಪು ಒಂದು ಚೂರು ಮುಂದಿತ್ತು. ಯಾರ ಮನೆಯಲ್ಲಾದರೂ ಬಡಿಸಿದರೆ ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುವಂಥದ್ದು. ನನ್ನ ಮನಸ್ಸು ಹಗುರವಾಯಿತು.

ಆಮೇಲೆ ಎಡಗಡೆಯ ಬಟ್ಟಲಿನಲ್ಲಿ ತುತ್ತು ಅದ್ದಿದೆ.

ದೇವರೇ, ನನ್ನನ್ನು ಯಾಕೆ ಹೀಗೆ ಪರೀಕ್ಷೆ ಮಾಡುತ್ತೀಯ! ಶುಂಠಿ ಮೊದಲು ಬಂತು, ಆಮೇಲೆ ಹೊಗೆ ಹಾಕಿದ ಮೀನಿನ ಘಮ, ಮೆಣಸಿನ ಖಾರ ಮಾತ್ರ ಕೊನೆಗೆ, ತುತ್ತು ಗಂಟಲಿಳಿದ ಮೇಲೆ. ಸಿಟ್ಟಿನಲ್ಲಿ ಬಾಯಿಗೆ ಬಂದ ಸುಳ್ಳೊಂದು ಹೀಗೆ ಬಟ್ಟಲಿನಲ್ಲಿ ನಿಜವಾಗಿ ಕೂತಿದೆಯೆಂದು ನನಗೇನು ಗೊತ್ತಿತ್ತು? ನಾಲ್ಕು ತುತ್ತು ತಿಂದು ನಿಲ್ಲಿಸಬೇಕೆಂದಿದ್ದವಳು ಎಚ್ಚರ ತಪ್ಪಿ ಉಣ್ಣುತ್ತಲೇ ಹೋದೆ.

"ಆಯ್ತಾ?" ಎಂದರು ಅಜ್ಜಿ.

"ಆಯ್ತು ಅಜ್ಜಿ. ನೋಡಿ, ಎರಡೂ ಅವುಗಳದೇ ರೀತೀಲಿ..."

"ಬಾಯಲ್ಲಿ ಬೇಡ. ನಿನ್ನ ಬಾಯಿ ನನಗೆ ಗೊತ್ತು." ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಸುಕುತ್ತಿದ್ದವು. "ಕೈ ಎತ್ತು. ಯಾವ ಸಾರೋ ಆ ಕೈ."

ಲಾರಿಯವರು ಹೋ ಎಂದು ನಕ್ಕು ನನ್ನ ಕೈಗಳನ್ನೇ ನೋಡತೊಡಗಿದರು. ಒಲೆಯಲ್ಲಿ ಸೌದೆ ಚಟಚಟ ಎನ್ನುತ್ತಿತ್ತು.

ನನ್ನ ಬಲಗೈ ಮಣಿಕಟ್ಟಿನವರೆಗೂ ಎಂಜಲಾಗಿತ್ತು. 'ಎಡಗೈ, ಕ್ಷಮಿಸಿ' ಎನ್ನಲು ಅದಕ್ಕಿಂತ ನ್ಯಾಯವಾದ ಕಾರಣ ಯಾರಿಗೂ ಸಿಕ್ಕುವುದಿಲ್ಲ. ಯಾರೂ ತಪ್ಪೆನ್ನುತ್ತಿರಲಿಲ್ಲ. ಎಡಗೈ ಮಡಿಲಲ್ಲಿತ್ತು, ತೊಳೆದು ಖಾಲಿ. ಅದನ್ನು ಎತ್ತಬೇಕೆಂದೇ ಇದ್ದೆ. ಆಗ ಮತ್ತೊಮ್ಮೆ ಅಜ್ಜಿಯ ಆ ಒಂದು ಕಣ್ಣನ್ನು ನೋಡಿದೆ.

ಬಲಗೈ ಎತ್ತಿದೆ. ಸಾರು ಮೊಣಕೈಯಿಂದ ನನ್ನ ಚರ್ಚಿನ ಬಟ್ಟೆಯ ಮೇಲೆ ತೊಟ್ಟಿಕ್ಕಿತು.

ಗದ್ದಲವೋ ಗದ್ದಲ. ಅಗ್ಯೆಕುಂ ತಾತ ಹಾಡೇ ಶುರು ಮಾಡಿದರು. ಮಾಮೆ ಅಫ್ರಾಕೋಮ ಎದ್ದು, ಯಾರ ಕೈಯನ್ನೂ ಹಿಡಿಯದೆ, ಗೂಟದಿಂದ ಸೌಟು ತೆಗೆದುಕೊಂಡು ಉಟ್ಟ ಬಟ್ಟೆಯ ಅಂಚಿನಲ್ಲಿ ಒರೆಸಿ, "ಯಾರಿಗೆ ಹಾಕ್ಲಿ?" ಎಂದು ಕೂಗಿದರು. ಆ ಕೂಗು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು.

ಕೊನಾಡು ನೀರಿನ ಬೋಗುಣಿ ತಂದು ನನ್ನ ಮುಂದೆ ಬಗ್ಗಿದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನನ್ನ ಕೈಗೆ ನೀರು ಹೊಯ್ಯುತ್ತ, ಬೇರೆ ಯಾರಿಗೂ ಕೇಳಿಸದ ಹಾಗೆ ಅಂದಳು:

"ಬಟ್ಟಲು ಖಾಲಿಯಾಗಿರೋದು ಎಡಗಡೆ. ಉಣ್ಣೋವಾಗ ಮುಖ ತಿರುಗಿದ್ದು ಎಡಗಡೆ. ಕೈ ಮಾತ್ರ ಬಲ. ಮೂರೂ ತಾಳೆಯಾಗ್ಲಿಲ್ಲ ಸಿಸ್ಟರ್. ನಿಮ್ಮನ್ನ ಬೆಂಚಿಗೆ ವಾಪಸ್ ಕಳಿಸ್ಬೇಕು."